ಗಡ್ಡ ಬಾಚುವುದು ತುದಿಯಿಂದ, ಬುಡದಿಂದ ಅಲ್ಲ

ಗಡ್ಡ ಬಿಟ್ಟ ಎರಡನೇ ತಿಂಗಳಿಗೆ ತುಂಬಾ ಜನ ಬೇಸತ್ತು ಬೋಳಿಸಿಬಿಡುತ್ತಾರೆ. ಕೆರೆತ, ಒಂದೊಂದು ಕೂದಲು ಒಂದೊಂದು ಕಡೆ, ಜೊತೆಗೆ ಮನೆಯಲ್ಲಿ ದಿನಾ ಬೈಗುಳ. ಗಡ್ಡ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಎರಡು ತಿಂಗಳಿಗೆ ಕೂದಲು ಸುರುಳಿ ಸುತ್ತುವಷ್ಟು ಉದ್ದ ಆಗಿರುತ್ತದೆ, ಆದರೆ ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುವಷ್ಟು ಅಲ್ಲ. ಈ ಹೊತ್ತಿನಲ್ಲಿ ಟ್ರಿಮ್ಮರ್ ಹಿಡಿಯಬೇಡಿ. ಬಾಚಣಿಗೆ ಹಿಡಿಯಿರಿ.

ಮೊದಲು ನಿಮ್ಮ ಗಡ್ಡ ಯಾವ ಕಡೆಗೆ ಬೆಳೆಯುತ್ತದೆ ಅಂತ ತಿಳಿದುಕೊಳ್ಳಿ. ಕಣ್ಣಿಗಿಂತ ಬೆರಳಿಗೆ ಇದು ಬೇಗ ಗೊತ್ತಾಗುತ್ತದೆ. ಸವರಿದಾಗ ನುಣ್ಣಗೆ ಅನ್ನಿಸಿದ ಕಡೆಗೆ ಕೂದಲು ಬೆಳೆಯುತ್ತಿದೆ, ಚುಚ್ಚಿದರೆ ಅದು ಎದುರು ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕತ್ತಿನಲ್ಲಿ ಮಾತ್ರ ಹೇಳೋಕಾಗಲ್ಲ, ಕೆಲವರಿಗೆ ಅಡ್ಡಕ್ಕೆ, ಕೆಲವರಿಗೆ ಮೇಲಕ್ಕೆ, ದವಡೆಯ ಕೆಳಗೆ ತಲೆಯಲ್ಲಿರುವ ಹಾಗೆ ಸಣ್ಣ ಸುಳಿಯೂ ಇರಬಹುದು. ಎಡ ಬಲ ಒಂದೇ ಥರ ಇರಬೇಕು ಅಂತೇನಿಲ್ಲ.

ಬಾಚಣಿಗೆ ಮರದ್ದಾದರೆ ಒಳ್ಳೆಯದು, ಹಲ್ಲು ಅಗಲವಾಗಿರಲಿ. ಬೇವಿನ ಮರದ ಹಣಿಗೆ ಜಾತ್ರೆಯಲ್ಲೂ ಸಿಗುತ್ತದೆ, ಗ್ರಂಥಿಗೆ ಅಂಗಡಿಯಲ್ಲೂ ಸಿಗುತ್ತದೆ. ಅಗ್ಗದ ಪ್ಲಾಸ್ಟಿಕ್ ಬಾಚಣಿಗೆಯನ್ನು ಅಚ್ಚಿನಲ್ಲಿ ಹೊಯ್ದಿರುತ್ತಾರೆ, ಅದರ ಹಲ್ಲಿನ ಸಂದಿಯಲ್ಲಿ ಒಂದು ಚೂಪು ಗೆರೆ ಉಳಿದಿರುತ್ತದೆ. ಉಗುರಿನಿಂದ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಆ ಗೆರೆ ಕೂದಲನ್ನು ಕೆರೆದು ತುದಿ ಸೀಳಿಸುತ್ತದೆ. ಒಣಹವೆಯಲ್ಲಿ ಪ್ಲಾಸ್ಟಿಕ್ ಕರೆಂಟ್ ಹಿಡಿದ ಹಾಗೆ ಕೂದಲನ್ನು ನಿಲ್ಲಿಸುತ್ತದೆ ಕೂಡ.

ಇನ್ನು ಬಾಚುವ ಕೆಲಸ. ಸ್ನಾನ ಆದ ಕೂಡಲೇ ತೊಟ್ಟಿಕ್ಕುವ ಗಡ್ಡಕ್ಕೆ ಬಾಚಣಿಗೆ ಹಾಕಬೇಡಿ, ಒದ್ದೆ ಕೂದಲು ಎಳೆದರೆ ಹಿಗ್ಗಿ ತುಂಡಾಗುತ್ತದೆ. ಟವೆಲ್‌ನಿಂದ ಉಜ್ಜದೆ ಒತ್ತಿ ಒತ್ತಿ ನೀರು ತೆಗೆಯಿರಿ. ಸ್ವಲ್ಪ ತೇವ ಉಳಿದಿರುವಾಗ ಮೂರು ನಾಲ್ಕು ಹನಿ ಕೊಬ್ಬರಿ ಎಣ್ಣೆ ಅಂಗೈಗೆ ಹಾಕಿ ಚೆನ್ನಾಗಿ ಉಜ್ಜಿ, ಚಳಿಗಾಲದಲ್ಲಿ ಗಟ್ಟಿಯಾಗಿದ್ದರೆ ಕರಗುವ ತನಕ ಉಜ್ಜಿ, ಆಮೇಲೆ ಬೆರಳನ್ನು ಗಡ್ಡದೊಳಗೆ ತೂರಿಸಿ ಚರ್ಮಕ್ಕೆ ಹಚ್ಚಿ. ಮೇಲೆ ಮೇಲೆ ಸವರಿದರೆ ಹೊಳಪು ಬರುತ್ತದೆ ಅಷ್ಟೇ, ಕೆರೆತ ಹೋಗಲ್ಲ. ಮೊಡವೆ ಏಳುವ ಮುಖವಾದರೆ ಕೊಬ್ಬರಿ ಎಣ್ಣೆ ಬಿಡಿ, ರಂಧ್ರ ಕಟ್ಟಿಕೊಳ್ಳುತ್ತದೆ. ಅಂಥವರು ಜೊಜೊಬಾ ಎಣ್ಣೆ ನೋಡಬಹುದು.

ಈಗ ತುದಿಯಿಂದ ಶುರು ಮಾಡಿ. ಗದ್ದದ ಕೆಳಗಿನ ಕೊನೆಯ ಒಂದು ಬೆರಳಿನಷ್ಟು ಮಾತ್ರ ಮೊದಲು ಬಿಡಿಸಿ, ಆಮೇಲೆ ಸ್ವಲ್ಪ ಮೇಲಿಂದ, ಆಮೇಲೆ ಇನ್ನೂ ಸ್ವಲ್ಪ ಮೇಲಿಂದ, ಹೀಗೆ ಹೋಗಿ ಕೊನೆಗೆ ಕಿವಿಯ ಹತ್ತಿರದಿಂದ ಗದ್ದದ ತುದಿವರೆಗೆ ಒಂದೇ ಎಳೆತ. ಅಮ್ಮಂದಿರು ಮಕ್ಕಳ ಉದ್ದ ಜಡೆಯ ಸಿಕ್ಕು ಬಿಡಿಸೋದು ಹೀಗೇ ಅಲ್ವಾ? ಮೇಲಿಂದಲೇ ಎಳೆದರೆ ಇರೋ ಬರೋ ಸಿಕ್ಕೆಲ್ಲ ಕೆಳಗೆ ಒಂದೇ ಗಂಟಾಗುತ್ತದೆ, ಎಳೆದಾಗ ಕೂದಲು ಬುಡಸಮೇತ ಬರುತ್ತದೆ. ನಾನು ಮೊದಲ ವರ್ಷ ಪೂರ್ತಿ ಹಾಗೇ ಬಾಚಿದೆ. ಗದ್ದದ ಬಲಗಡೆ ತೆಳ್ಳಗಾದ ಮೇಲೆಯೇ ಕಾರಣ ಹೊಳೆದದ್ದು.

ಸಿಕ್ಕು ಬಿಟ್ಟ ಮೇಲೆ ಆಕಾರ. ಒಮ್ಮೆ ಪೂರ್ತಿ ಮೇಲಕ್ಕೆ, ಹೊರಕ್ಕೆ ಬಾಚಿ ಉಬ್ಬಿಸಿ, ಆಮೇಲೆ ಮೇಲ್ಪದರವನ್ನು ಮಾತ್ರ ಹಗುರವಾಗಿ ಕೆಳಕ್ಕೆ ಕೂರಿಸಿ. ಗಡ್ಡ ತುಂಬಿದ ಹಾಗೆ ಕಾಣುತ್ತದೆ. ತೆಳ್ಳಗಿರುವ ಕೆನ್ನೆಗೆ ಪಕ್ಕದ ಉದ್ದ ಕೂದಲನ್ನು ಓರೆಯಾಗಿ ತಂದು ಮುಚ್ಚಬಹುದು. ಮೊಂಡು ಸುರುಳಿ ಇದ್ದರೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿಟ್ಟು, ಒಂದು ಗೇಣು ದೂರದಿಂದ, ಬಾಚಣಿಗೆ ಹೋಗುವ ದಿಕ್ಕಿಗೇ ಗಾಳಿ ಬಿಡಿ. ಮೀಸೆಯನ್ನು ನಡುವಿನಿಂದ ಎರಡು ಕಡೆಗೆ ಬಾಚಿ.

ಕತ್ತರಿಸುವುದೆಲ್ಲ ಗಡ್ಡ ಒಣಗಿದ ಮೇಲೆ. ಒದ್ದೆಯಲ್ಲಿ ಉದ್ದ ಕಾಣುತ್ತದೆ, ಕತ್ತರಿಸುತ್ತೀರಿ, ಒಣಗಿದಾಗ ಮೇಲಕ್ಕೆ ಸರಿದುಬಿಡುತ್ತದೆ. ಬಾಚಿದ ಮೇಲೆ ಗೆರೆಯಿಂದ ಹೊರಗೆ ಚಾಚಿಕೊಂಡಿದ್ದನ್ನಷ್ಟೇ ತೆಗೆಯಿರಿ. ಕತ್ತಿನ ಗೆರೆಯಲ್ಲೇ ಜಾಸ್ತಿ ಜನ ಎಡವುವುದು, ದವಡೆ ಮೂಳೆಯ ಮೇಲೇ ಗೆರೆ ಎಳೆದುಬಿಡುತ್ತಾರೆ, ಮುಖ ತಿರುಗಿಸಿದ ಕೂಡಲೇ ಕೆಳಗೆ ಬೋಳು ಕಾಣುತ್ತದೆ. ಗಂಟಲ ಗಂಟಿಗೆ ತಾಗಿದ ಹಾಗೆ ಅದರ ಮೇಲ್ಗಡೆ ಎರಡು ಬೆರಳು ಅಡ್ಡ ಇಡಿ, ಆ ಬೆರಳುಗಳ ಮೇಲಂಚೇ ಗೆರೆ. ಅಲ್ಲಿಂದ ಎರಡು ಕಿವಿಯ ಹಿಂಭಾಗದವರೆಗೆ ಬಾಗಿದ ಗೆರೆ ಎಳೆದು, ಅದರ ಕೆಳಗಿದ್ದದ್ದನ್ನು ತೆಗೆಯಿರಿ. ಕಟಿಂಗ್ ಶಾಪ್‌ನಲ್ಲಿ ಕೂತರೂ ಇದನ್ನು ಮೊದಲೇ ಬಾಯಿಬಿಟ್ಟು ಹೇಳಿ.

ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನ ಮನೆಯವರಿಗೆ ಇನ್ನೊಂದು ಮಾತು. ಆ ಗಡಸು ನೀರಿನಲ್ಲಿ ಸೋಪು ಸರಿಯಾಗಿ ಬಿಡುವುದಿಲ್ಲ, ಗಡ್ಡದಲ್ಲಿ ಅಂಟಿ ಒರಟಾಗುತ್ತದೆ. ಮೈಸೋಪು ಹಾಕಬೇಡಿ, ವಾರಕ್ಕೆ ಎರಡು ಸಲ ಮೃದು ಶಾಂಪೂ ಸಾಕು. ಕೊನೆಗೆ ಒಂದು ಚೊಂಬು ಕುಡಿಯುವ ನೀರಿನಲ್ಲಿ ತೊಳೆದುಬಿಡಿ. ಹೆಲ್ಮೆಟ್ ಪಟ್ಟಿ ಒತ್ತಿದ ಕಡೆ ಗಡ್ಡ ಮಡಚಿಕೊಂಡಿದ್ದರೆ, ಆಫೀಸ್ ತಲುಪಿದ ಮೇಲೆ ಬೆರಳು ಒದ್ದೆ ಮಾಡಿ ಅಲ್ಲಿ ಮಾತ್ರ ಸವರಿ ಬಾಚಿ.

ಬಾಚುವಾಗ ಬಿಳಿ ಹೊಟ್ಟು ಉದುರುತ್ತಿದ್ದರೆ ಎಣ್ಣೆ ಸುರಿಯಬೇಡಿ. ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಚರ್ಮದ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ಶಿಲೀಂಧ್ರಕ್ಕೆ ಹಾಕುವ ಔಷಧಿ ಕೀಟೋಕೊನಜೋಲ್ ಇರುವ ಶಾಂಪೂ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಿರಿ. ನಾಣ್ಯದ ಗಾತ್ರದಲ್ಲಿ ಪೂರ್ತಿ ಬೋಳಾದ ಜಾಗ ಕಂಡರೆ ಮಾತ್ರ ಮನೆಮದ್ದು ಬೇಡ, ಚರ್ಮದ ಡಾಕ್ಟರಿಗೆ ತೋರಿಸಿ.