ಟೊಳ್ಳು ಇಟ್ಟಿಗೆಯ ಗೋಡೆ: ಬಿಸಿಲಿಗೆ ಒಂದು ಉಪಾಯ, ಸದ್ದಿಗೆ ಇನ್ನೊಂದು

ಕಾಂಕ್ರೀಟ್ ಕಂಬ ಮತ್ತು ತೊಲೆಗಳ ನಡುವೆ ಸುಟ್ಟ ಜೇಡಿಮಣ್ಣಿನ ಟೊಳ್ಳು ಇಟ್ಟಿಗೆಯ ಗೋಡೆ ಎಬ್ಬಿಸುವುದು ಬೆಂಗಳೂರಿನಂಥ ಊರುಗಳಲ್ಲಿ ಈಗ ರೂಢಿಗೆ ಬಂದಿದೆ. ಕಟ್ಟಿಸಿದವರಲ್ಲಿ ಹೆಚ್ಚಿನವರು ಎರಡು ಮಾತು ಹೇಳುತ್ತಾರೆ: ಮನೆ ತಂಪಾಗಿದೆ, ಆದರೆ ಪಕ್ಕದ ಕೋಣೆಯ ಮಾತು ಇತ್ತ ಕೇಳಿಸುತ್ತದೆ. ಎರಡಕ್ಕೂ ಕಾರಣ ಒಂದೇ. 400 ಮಿ.ಮೀ. ಉದ್ದ, 200 ಮಿ.ಮೀ. ಅಗಲ ಮತ್ತು ಅಷ್ಟೇ ಎತ್ತರದ ಟೊಳ್ಳು ಇಟ್ಟಿಗೆ ಸುಮಾರು 11 ಕೆ.ಜಿ. ತೂಗುತ್ತದೆ, ಅದೇ ಅಳತೆಯ ಗಟ್ಟಿ ಕಾಂಕ್ರೀಟ್ ಬ್ಲಾಕಿನ ತೂಕ 30 ಕೆ.ಜಿ. ದಾಟುತ್ತದೆ. ಇಟ್ಟಿಗೆಯ ತೂತುಗಳಲ್ಲಿ ಅಲುಗಾಡದೆ ನಿಂತ ಗಾಳಿ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಸದ್ದನ್ನು ತಡೆಯುವುದಕ್ಕೆ ಬೇಕಾದದ್ದು ತೂಕ ಮತ್ತು ಸಂದಿಲ್ಲದ ಮೈ. ಅವೆರಡರಲ್ಲೂ ಈ ಗೋಡೆ ಹಿಂದೆ ಬೀಳುತ್ತದೆ.

ಆದ್ದರಿಂದ ಗೋಡೆಗೆ ಥರ್ಮಾಕೋಲ್ ಅಂಟಿಸಿದರೆ ಸದ್ದೂ ನಿಲ್ಲುತ್ತದೆ ಎಂಬ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಥರ್ಮಾಕೋಲ್ ಶಾಖಕ್ಕೆ ಒಳ್ಳೆಯ ತಡೆ, ಸದ್ದಿಗೆ ಏನೂ ಅಲ್ಲ. ಗಟ್ಟಿ ಥರ್ಮಾಕೋಲ್ ಹಾಳೆಯ ಮೇಲೆ ತೆಳುವಾದ ಗಿಲಾವು ಮಾಡಿದಾಗ ಆ ಪದರ ತಮಟೆಯ ಚರ್ಮದಂತೆ ಕಂಪಿಸಿ, ಕೆಲವು ಸ್ವರಗಳು ಮೊದಲಿಗಿಂತ ಹೆಚ್ಚಾಗಿಯೇ ಕೇಳಿಸುವುದುಂಟು.

ಮೊದಲು ಸದ್ದು ಬರುವ ದಾರಿ ಹುಡುಕಿ

ಸರಕು ತರುವ ಮುನ್ನ ಒಂದು ರಾತ್ರಿಯನ್ನು ಪರೀಕ್ಷೆಗೆ ಮೀಸಲಿಡಿ. ಪಕ್ಕದ ಕೋಣೆಯಲ್ಲಿ ರೇಡಿಯೊ ಹಚ್ಚಿಟ್ಟು, ದೀಪ ಆರಿಸಿ, ಗೋಡೆಯ ಉದ್ದಕ್ಕೂ ಕಿವಿಯಿಟ್ಟು ನಡೆಯಿರಿ. ಸ್ವಿಚ್ ಬೋರ್ಡು, ಕಿಟಕಿಯ ಚೌಕಟ್ಟು, ಬಾಗಿಲಿನ ಅಡಿ, ಎ.ಸಿ. ಪೈಪು ಹೊರಹೋಗುವ ತೂತು ಮತ್ತು ತೊಲೆಯ ಕೆಳಗಿನ ಸಂದು, ಈ ಐದು ಜಾಗಗಳಲ್ಲಿ ಹೆಚ್ಚು ಹೊತ್ತು ನಿಲ್ಲಿ. ಗಾಳಿಯಿರುವ ದಿನ ಹೊರಗೋಡೆಯ ಬಳಿ ಊದುಬತ್ತಿ ಹಿಡಿದರೆ, ಹೊಗೆ ವಾಲುವ ಕಡೆ ಸಂದಿದೆ ಎಂದು ತಿಳಿಯಬಹುದು. ಗೋಡೆಯ ವಿಸ್ತೀರ್ಣದ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಸಾಕು, ಉಳಿದ ಭಾಗ ಎಷ್ಟೇ ಗಟ್ಟಿಯಾಗಿದ್ದರೂ ಆ ಗೋಡೆ ಒಟ್ಟಾರೆ 20 ಡೆಸಿಬಲ್‌ಗಿಂತ ಹೆಚ್ಚು ಸದ್ದನ್ನು ತಡೆಯಲಾರದು.

ನಮ್ಮ ಮನೆಯಲ್ಲಿ ಅಡುಗೆಮನೆಯ ಮಿಕ್ಸಿ ಸದ್ದು ಮಲಗುವ ಕೋಣೆಗೆ ನೇರವಾಗಿ ನುಗ್ಗುತ್ತಿತ್ತು. ಸ್ವಿಚ್ ಬೋರ್ಡಿನ ಮುಚ್ಚಳ ಬಿಚ್ಚಿ ನೋಡಿದರೆ ಡಬ್ಬಿಯ ಹಿಂದೆ ಗಾರೆಯೇ ಇರಲಿಲ್ಲ. ಮುದುರಿ ತುರುಕಿದ ಸಿಮೆಂಟ್ ಚೀಲದ ಚೂರು, ಅದರಾಚೆ ಒಡೆದ ಇಟ್ಟಿಗೆಯ ಮೂರು ತೂತುಗಳು, ಅವುಗಳಾಚೆ ಅಡುಗೆಮನೆಯ ಸ್ವಿಚ್ ಬೋರ್ಡಿನ ಬೆನ್ನು. ಈ ಇಟ್ಟಿಗೆಯ ತೂತುಗಳು ಅಡ್ಡಡ್ಡಲಾಗಿ ಸಾಗುವುದರಿಂದ, ಒಂದು ಕಡೆ ಒಡೆದರೆ ಅಲ್ಲಿ ಹೊಕ್ಕ ಸದ್ದು ಗೋಡೆಯೊಳಗೇ ದೂರ ಹೋಗುತ್ತದೆ. ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ನೆರವಿನಿಂದ ಡಬ್ಬಿಯನ್ನು ಹೊರತೆಗೆದು, ಒಡೆದ ತೂತುಗಳಿಗೆ ಗಾರೆ ತುಂಬಿಸಿ ಮತ್ತೆ ಕೂರಿಸಿ. ಬೆನ್ನಿಗೆ ಬೆನ್ನು ಕೊಟ್ಟ ಎರಡು ಬೋರ್ಡುಗಳಲ್ಲಿ ಒಂದನ್ನು ಒಂದೆರಡು ಅಡಿ ಸರಿಸುವುದು ಇನ್ನೂ ಒಳ್ಳೆಯದು. ತೊಲೆಯಡಿಯ ಸಂದನ್ನು ಕೆರೆದು ಗಾರೆ ಒತ್ತಬೇಕು. ಕೂದಲೆಳೆಯಷ್ಟು ಬಿರುಕುಗಳಿಗೆ ಒಣಗಿದ ಮೇಲೂ ಮೆತ್ತಗಿರುವ ಸೀಲೆಂಟ್ ಸಾಕು. ಒಂದು ಮೈಗೆ ಗಿಲಾವು ಮಾಡದೆ ಇಟ್ಟಿಗೆಯನ್ನು ಅಂದಕ್ಕಾಗಿ ಹಾಗೆಯೇ ಬಿಟ್ಟಿದ್ದರೆ, ನಿಲುವು ಸಂದುಗಳಲ್ಲಿ ಗಾರೆ ಬೀಳದ ಕಡೆಯೆಲ್ಲ ಸದ್ದು ಸೋರುತ್ತದೆ.

ರಸ್ತೆಯ ಸದ್ದಾದರೆ ಗೋಡೆಗಿಂತ ಕಿಟಕಿ ಮುಖ್ಯ. ಜಾರುವ ಕಿಟಕಿಯ ಬದಲು ರಬ್ಬರ್ ಬೀಡಿಂಗ್‌ಗೆ ಒತ್ತಿ ಮುಚ್ಚುವ ಕಿಟಕಿ ಹಾಕಿಸಿದರೆ ಹೆಚ್ಚಿನವರ ಕಷ್ಟ ಅಲ್ಲಿಗೇ ಮುಗಿಯುತ್ತದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕಾನೂನು ಒಪ್ಪುವ ಮಿತಿ 45 ಡೆಸಿಬಲ್. ಲಾರಿ ಓಡಾಡುವ ರಸ್ತೆಯ ಬದಿಯಲ್ಲಿ ಅದನ್ನು ಹೊರಗಲ್ಲ, ಕೋಣೆಯೊಳಗೆ ಸಾಧಿಸಿದರೂ ದೊಡ್ಡದು.

ಗೋಡೆಗೆ ಮುಟ್ಟದ ಎರಡನೇ ಗೋಡೆ

ಇಷ್ಟಾದ ಮೇಲೂ ಸದ್ದು ಉಳಿದರೆ ಗೋಡೆಯ ಕೆಲಸಕ್ಕೆ ಕೈಹಾಕಿ. ಗಿಲಾವನ್ನು ದಪ್ಪ ಮಾಡಿಸುವ ಆಸೆ ಬೇಡ. ತೂಕ ಇಮ್ಮಡಿಯಾದಾಗ ಸಿಗುವ ಲಾಭ ಹೆಚ್ಚೆಂದರೆ 6 ಡೆಸಿಬಲ್. ಚದರ ಮೀಟರಿಗೆ 200 ಕೆ.ಜಿ. ತೂಗುವ ಗೋಡೆಗೆ 12 ಮಿ.ಮೀ. ಗಿಲಾವು ಸೇರಿಸಿದರೆ ಹೆಚ್ಚುವುದು 24 ಕೆ.ಜಿ., ಅಂದರೆ ಸುಮಾರು ಒಂದು ಡೆಸಿಬಲ್. ಅದು ಕಿವಿಗೆ ತಿಳಿಯುವಂಥದ್ದಲ್ಲ.

ಬದಲಿಗೆ ಗೋಡೆಯಿಂದ 15 ಮಿ.ಮೀ. ಬಿಟ್ಟು, ನೆಲ ಮತ್ತು ಚಾವಣಿಗೆ ಮಾತ್ರ ಬಿಗಿದ 50 ಮಿ.ಮೀ. ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಚೌಕಟ್ಟು ನಿಲ್ಲಿಸಿ. ಅದರ ಅಡಿಗೂ ತಲೆಗೂ ರಬ್ಬರ್ ಅಥವಾ ಫೋಮ್ ಪಟ್ಟಿ ಇರಲಿ. ಒಳಗೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ತುಂಬಿ, ತುಂಬುವವರು ಕೈಗವಸು ಮತ್ತು ಮುಖಗವಸು ಹಾಕಿಕೊಳ್ಳಲೇಬೇಕು. ಮೇಲೆ 12.5 ಮಿ.ಮೀ. ಜಿಪ್ಸಂ ಬೋರ್ಡಿನ ಎರಡು ಪದರ ಬರಬೇಕು, ಒಂದರ ಸಂದು ಇನ್ನೊಂದರ ಸಂದಿನ ಮೇಲೆ ಬೀಳಬಾರದು. ಅಂಚುಗಳಿಗೆಲ್ಲ ಸೀಲೆಂಟ್ ಹಚ್ಚಿಸಿ. ಕೋಣೆಯಲ್ಲಿ ಮೂರೂವರೆ ಇಂಚು ಹೋಗುತ್ತದೆ, ಆದರೆ ಪಕ್ಕದ ಮಾತು ಅರ್ಥವಾಗದ ಗುನುಗಾಗಿ ಇಳಿಯುತ್ತದೆ. ಚೌಕಟ್ಟು ಅಲುಗಾಡುತ್ತದೆಂದು ಕೆಲಸಗಾರ ನಡುವೆ ನಾಲ್ಕು ತಿರುಪು ಹಾಕಿ ಅದನ್ನು ಹಳೆಯ ಗೋಡೆಗೆ ಬಿಗಿದುಬಿಟ್ಟರೆ ಈ ಲಾಭದ ಹೆಚ್ಚು ಪಾಲು ಹೋಗುತ್ತದೆ. ಆ ದಿನ ನೀವು ಸ್ಥಳದಲ್ಲಿರಿ. ತೇವ ಇಂಗುವ ಗೋಡೆಯ ಮುಂದೆ, ಅದರಲ್ಲೂ ಕರಾವಳಿಯಲ್ಲಿ, ತೇವ ನಿಲ್ಲಿಸದೆ ಬೋರ್ಡು ಕಟ್ಟಿಸಿದರೆ ಬೂಸ್ಟು ಬರುವುದು ಖಂಡಿತ.

ಬಿಸಿಲಿನ ಲೆಕ್ಕ

ಮೇಲಿನ ಮಹಡಿಯಲ್ಲಿದ್ದರೆ ಮೊದಲ ಹಣ ತಾರಸಿಗೆ ಹೋಗಲಿ, ಏಕೆಂದರೆ ಬೇಸಿಗೆಯ ಬಿಸಿಲು ಅತಿ ಹೆಚ್ಚು ಬೀಳುವುದು ಅಲ್ಲಿಯೇ. ಗೋಡೆಗಳಲ್ಲಿ ಸಾಮಾನ್ಯವಾಗಿ ಪಡುವಣ ದಿಕ್ಕಿನದಕ್ಕೆ ಮಾತ್ರ ಉಪಚಾರ ಬೇಕು: ತಿಳಿಬಣ್ಣ, ನೆರಳು, ಅದೂ ಸಾಲದಿದ್ದರೆ ಹೊರಮೈಗೆ 50 ಮಿ.ಮೀ. ಥರ್ಮಾಕೋಲ್ ಹಾಳೆ, ಅದರ ಮೇಲೆ ಜಾಲರಿಸಹಿತ ಗಿಲಾವು. 200 ಮಿ.ಮೀ. ಟೊಳ್ಳು ಇಟ್ಟಿಗೆಯ ಗೋಡೆ ದಾಟಿ ಬರುವ ಶಾಖ ಇದರಿಂದ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇಟ್ಟಿಗೆಯ ತೂತುಗಳಿಗೆ ಫೋಮ್ ಚುಚ್ಚಿಸುವ ಯೋಚನೆ ಬಿಡಿ. ತೂತುಗಳು ಒಂದಕ್ಕೊಂದು ಕೂಡಿಲ್ಲದ ಕಾರಣ ಸೂಜಿ ತಗುಲಿದವು ಮಾತ್ರ ತುಂಬುತ್ತವೆ.

ಇನ್ನೂ ಕಟ್ಟಿಸಬೇಕಾಗಿರುವವರು ಇಡೀ ಮನೆಗೆ ಒಂದೇ ಇಟ್ಟಿಗೆ ಬಳಸಬೇಕಿಲ್ಲ. ಹೊರಗೋಡೆಗೆ ಟೊಳ್ಳು ಇಟ್ಟಿಗೆ, ಮಲಗುವ ಕೋಣೆಗಳ ನಡುವೆ ಗಟ್ಟಿ ಇಟ್ಟಿಗೆ ಅಥವಾ ಗಟ್ಟಿ ಬ್ಲಾಕ್ ಇಡುವಂತೆ, ಆ ಗೋಡೆಯ ಭಾರಕ್ಕೆ ತಕ್ಕ ತೊಲೆ ಕೊಡುವಂತೆ ಎಂಜಿನಿಯರಿಗೆ ಮೊದಲೇ ಹೇಳಿ. ಮೇಸ್ತ್ರಿಗೆ ಹೇಳಬೇಕಾದದ್ದು ಎರಡೇ: ನಿಲುವು ಸಂದುಗಳಿಗೂ ಗಾರೆ ತುಂಬಬೇಕು, ತೊಲೆಯಡಿಯ ಕೊನೆಯ ವರಸೆಯನ್ನು ಇಟ್ಟಿಗೆ ಚೂರು ತುರುಕಿ ಮುಗಿಸಬಾರದು.