ದೊಡ್ಡಮ್ಮನ ಬಿಳಿ ರೇಷನ್ ಕಾರ್ಡು ಪಿಂಕ್ ಆದದ್ದು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಒಬ್ಬರೇ ಇರುವ ನನ್ನ ದೊಡ್ಡಮ್ಮ ಬೀಡಿ ಕಟ್ಟಿ ಬದುಕುವವರು, ಆದರೂ ಅವರದ್ದು ಬಿಳಿ ಕಾರ್ಡು, ಅಂದರೆ ಆದ್ಯತೆ ಇಲ್ಲದವರದ್ದು; ಬಡವರ ಆದ್ಯತಾ ಕಾರ್ಡು ಪಿಂಕ್. ಯಾಕೆ ಅಂತ ಯಾರೂ ನೋಡಿರಲಿಲ್ಲ. ಹೋದ ವರ್ಷ ನಾನೇ ಅಕ್ಷಯ ಕೇಂದ್ರದಲ್ಲಿ (ಸರ್ಕಾರಿ ಕೆಲಸಗಳ ಆನ್‌ಲೈನ್ ಸೇವಾ ಕೇಂದ್ರ) ಕೂತು ವಿವರ ತೆಗೆಸಿದೆ. ಮನೆ 1000 ಚದರ ಅಡಿಗಿಂತ ಜಾಸ್ತಿ ಅಂತ ಬರೆದಿತ್ತು! ಇರುವುದು ಎರಡು ಕೋಣೆ. ನಾಲ್ಕು ಚಕ್ರದ ಸ್ವಂತ ಗಾಡಿ, ಒಂದು ಎಕರೆಗಿಂತ ಹೆಚ್ಚು ಜಾಗ, ತಿಂಗಳಿಗೆ 25,000 ರೂಪಾಯಿ ಮೇಲೆ ಆದಾಯ ಇದ್ದರೂ ಆದ್ಯತಾ ಪಟ್ಟಿಗೆ ಸೇರಿಸುವುದಿಲ್ಲ, ಇವರಿಗೆ ಅದೊಂದೂ ಇಲ್ಲ.

ಪಂಚಾಯತಿನಿಂದ ಮನೆಯ ಅಳತೆಯ ಸರ್ಟಿಫಿಕೇಟ್, ವಿಲೇಜ್ ಆಫೀಸಿನಿಂದ ಆದಾಯದ್ದು, ಎರಡನ್ನೂ ಮಾಡಿಸಿಟ್ಟುಕೊಂಡೆ. ಕಾರ್ಡು ಬದಲಿಸುವ ಅರ್ಜಿಯನ್ನು ವರ್ಷವಿಡೀ ತೆಗೆದುಕೊಳ್ಳುವುದಿಲ್ಲ, ಸರ್ಕಾರ ದಿನ ತಿಳಿಸಿದಾಗ ಮಾತ್ರ, ಆದ್ದರಿಂದ ಕಾಗದ ಮೊದಲೇ ರೆಡಿ ಇರಬೇಕು. ಜೊತೆಗೆ ಕನ್ನಡದಲ್ಲೇ ಒಂದು ಪತ್ರ ಬರೆದುಕೊಟ್ಟೆ. ಮಲಯಾಳ ಬರೆಯಲು ಬಾರದವರು ಹೆದರಬೇಡಿ, 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇಲ್ಲಿನ ಕನ್ನಡಿಗರಿಗೆ ಆ ಹಕ್ಕಿದೆ.

ಅರ್ಜಿ ಕೊಟ್ಟ ಮೇಲೆ ಮನೆ ನೋಡಲು ಬಂದ ಅಧಿಕಾರಿಗಳು ತುಂಬ ಚೆನ್ನಾಗಿ ಮಾತಾಡಿಸಿದರು. ಕೆಲವು ತಿಂಗಳಲ್ಲಿ ಪಿಂಕ್ ಕಾರ್ಡು ಬಂತು. ಈಗ ತಿಂಗಳಿಗೆ 5 ಕಿಲೋ ಧಾನ್ಯ ಸಿಗುತ್ತದೆ. ನಿಮ್ಮ ಮನೆಯ ಹಿರಿಯರ ಕಾರ್ಡಿನ ವಿವರವನ್ನೂ ಒಮ್ಮೆ ತೆಗೆಸಿ ನೋಡಿ.