ಚಳಿಗಾಲದಲ್ಲಿ ತಾಹೋಗೆ ಹೊರಡುವವರಿಗೆ: ಯಾವ ದಾರಿ ಹಿಡಿಯಬೇಕು?

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಲ್ಲಿ ಬಹುಮಂದಿ ಮೊದಲ ಚಳಿಗಾಲದಲ್ಲೇ ಸಿಯೆರಾ ನೆವಾಡಾ ಬೆಟ್ಟಗಳ ನಡುವಿನ ತಾಹೋ ಸರೋವರದ ಕಡೆಗೆ ಸ್ಕೀ ಕಲಿಯಲು ಹೊರಡುತ್ತಾರೆ. ರೆಸಾರ್ಟ್ ಕಾಯ್ದಿರಿಸಿದ ಮೇಲಷ್ಟೇ ದಾರಿಯ ಬಗ್ಗೆ ಯೋಚಿಸುವುದು ರೂಢಿ. ಇವೆರಡನ್ನೂ ಒಟ್ಟಿಗೇ ನಿರ್ಧರಿಸಬೇಕೆಂಬುದು ನನ್ನ ಕಳಕಳಿಯ ಸಲಹೆ.

ಸ್ಯಾಕ್ರಮೆಂಟೊದಲ್ಲಿ ದಾರಿ ಕವಲೊಡೆಯುತ್ತದೆ. ಇಂಟರ್‌ಸ್ಟೇಟ್ 80 ಡಾನರ್ ಸಮಿಟ್ ಬಳಿ 7,239 ಅಡಿ ಎತ್ತರಕ್ಕೆ ಏರಿ ಟ್ರಕೀ ಊರಿಗೆ ಇಳಿಯುತ್ತದೆ. ಸರೋವರದ ಉತ್ತರ ಭಾಗದ ಪ್ಯಾಲಿಸೇಡ್ಸ್, ನಾರ್ತ್‌ಸ್ಟಾರ್ ಸ್ಕೀ ರೆಸಾರ್ಟ್‌ಗಳಿಗೆ ಇದೇ ದಾರಿ. ಹೆದ್ದಾರಿ 50 ಎಕೋ ಸಮಿಟ್ ದಾಟಿ ದಕ್ಷಿಣ ದಡದ ಸೌತ್ ಲೇಕ್ ತಾಹೋ ಊರಿಗೆ ಮತ್ತು ಹೆವೆನ್ಲಿ ರೆಸಾರ್ಟ್‌ಗೆ ಒಯ್ಯುತ್ತದೆ. ಸಿಯೆರಾ-ಅಟ್-ತಾಹೋ ರೆಸಾರ್ಟ್ ಎಕೋ ಸಮಿಟ್‌ಗಿಂತ ಈಚೆಗೇ ಸಿಗುವುದರಿಂದ, ಶಿಖರದ ಆಚೆಗಿನ ಕಡಿದಾದ ಇಳಿಜಾರು ತಪ್ಪುತ್ತದೆ. ಹೊಸಬರಿಗೆ ಇದು ಸಣ್ಣ ಅನುಕೂಲವೇನಲ್ಲ. ಕಿರ್ಕ್‌ವುಡ್ ರೆಸಾರ್ಟ್‌ಗೆ ಹೋಗುವ ಹೆದ್ದಾರಿ 88 ಹಿಮಕುಸಿತದ ಭಯದಿಂದ ಕಾರ್ಸನ್ ಸ್ಪರ್ ಎಂಬಲ್ಲಿ ಆಗಾಗ ಮುಚ್ಚುತ್ತದೆ.

ಎರಡು ಮುಖ್ಯ ದಾರಿಗಳಲ್ಲಿ ನಾನು ಹೊಸಬರಿಗೆ 80ನ್ನೇ ಹೇಳುತ್ತೇನೆ. ಅಲ್ಲಿ ಲಾರಿಗಳ ದಟ್ಟಣೆಯಿದ್ದರೂ ರಸ್ತೆ ಅಗಲವಾಗಿದೆ, ಎದುರಿನಿಂದ ಬರುವ ವಾಹನಗಳಿಗೆ ಪ್ರತ್ಯೇಕ ಪಥಗಳಿವೆ. 50ರಲ್ಲಿ ಮೇಲೇರಿದಂತೆ ರಸ್ತೆ ಕಿರಿದಾಗಿ ತಿರುವುಗಳು ಹೆಚ್ಚುತ್ತವೆ. ಉತ್ತರದಿಂದ ಹೋಗಿ ದಡದ ಗುಂಟ ದಕ್ಷಿಣಕ್ಕೆ ಸುತ್ತಿಕೊಳ್ಳಬಹುದೆಂದು ನಂಬಿ ಹೊರಡಬೇಡಿ, ಏಕೆಂದರೆ ಎಮರಾಲ್ಡ್ ಬೇ ಬಳಿ ಹೆದ್ದಾರಿ 89 ಹಿಮಬಿರುಗಾಳಿಯ ದಿನಗಳಲ್ಲಿ ಮುಚ್ಚಿರುವುದುಂಟು.

ಹೊರಡುವ ಮುನ್ನ ಕ್ಯಾಲಿಫೋರ್ನಿಯಾದ ಸಾರಿಗೆ ಇಲಾಖೆಯಾದ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್ ಎಂಬ ಆನ್‌ಲೈನ್ ರಸ್ತೆ ನಕ್ಷೆ ನೋಡಿ. ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಚೈನ್ ಯಾರಿಗೆ ಕಡ್ಡಾಯವೆಂಬುದನ್ನು ಅದು ಮೂರು ಹಂತಗಳಲ್ಲಿ ತಿಳಿಸುತ್ತದೆ. ಆರ್-1 ಎಂದಿದ್ದರೆ, ಎಂಜಿನ್ ತಿರುಗಿಸುವ ಚಕ್ರಗಳಿಗೆ ಸ್ನೋ ಟೈರ್ ಇರುವ ಸಾಮಾನ್ಯ ಕಾರುಗಳು ಚೈನ್ ಕಟ್ಟದೆ ಹೋಗಬಹುದು; ಆರ್-2 ಎಂದಿದ್ದರೆ, ನಾಲ್ಕೂ ಚಕ್ರಗಳಿಗೆ ಸ್ನೋ ಟೈರ್ ಇರುವ ಫೋರ್‌ವೀಲ್ ಅಥವಾ ಆಲ್‌ವೀಲ್ ಡ್ರೈವ್ ವಾಹನಗಳಿಗೆ ಮಾತ್ರ ಆ ವಿನಾಯಿತಿ; ಆರ್-3ರಲ್ಲಿ ಯಾರಿಗೂ ವಿನಾಯಿತಿಯಿಲ್ಲ. ವಿನಾಯಿತಿ ಪಡೆದವರೂ ಚೈನನ್ನು ಕಾರಿನಲ್ಲಿ ಇಟ್ಟುಕೊಂಡಿರಲೇಬೇಕು. ಟೈರಿನ ಮೇಲೆ ಎಂ+ಎಸ್ (ಕೆಸರು ಮತ್ತು ಹಿಮಕ್ಕೆ ತಕ್ಕದ್ದು ಎಂಬ) ಗುರುತಿದೆಯೇ, ಅದರ ಅಚ್ಚಿನ ಆಳ ಇಂಚಿನ 32ರಲ್ಲಿ 6 ಭಾಗದಷ್ಟಾದರೂ ಉಳಿದಿದೆಯೇ ಎಂದು ನೋಡಿಕೊಳ್ಳಿ. ಬಾಡಿಗೆ ಕಾರಾದರೆ ಕರಾರುಪತ್ರವನ್ನು ಓದಿ. ಚೈನ್ ಕಟ್ಟುವುದನ್ನೇ ನಿಷೇಧಿಸುವ ಕಂಪನಿಗಳು ಹಲವಿವೆ.

ಚೈನ್ ಕಟ್ಟುವುದನ್ನು ಮನೆಯ ಮುಂದೆ, ಒಣ ನೆಲದ ಮೇಲೆ, ಹಗಲು ಬೆಳಕಿನಲ್ಲಿ ಒಮ್ಮೆ ಅಭ್ಯಾಸ ಮಾಡಿ. ಫ್ರಂಟ್‌ವೀಲ್ ಡ್ರೈವ್ ಕಾರಿಗೆ ಅದು ಮುಂದಿನ ಚಕ್ರಗಳಿಗೇ ಹೋಗಬೇಕು. ಚೈನನ್ನು ಟೈರಿನ ಮೇಲೆ ಹೊದಿಸಿ, ಮೊದಲು ಒಳಬದಿಯ ಕೊಂಡಿಯನ್ನು ಕೈಯಿಂದ ತಡವಿ ಸೇರಿಸಬೇಕಾಗುತ್ತದೆ. ಮಂಜುನೀರಿನಲ್ಲಿ ಮಂಡಿಯೂರಿ ಅದನ್ನು ಮಾಡುವಾಗ ಉಣ್ಣೆಯ ಕೈಗವಸು ನೆನೆದು ಬೆರಳು ಮರಗಟ್ಟುವುದರಿಂದ ರಬ್ಬರ್ ಕೈಗವಸು ಇಟ್ಟುಕೊಳ್ಳಿ. ಸ್ವಲ್ಪ ದೂರ ಸಾಗಿದ ಮೇಲೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಮತ್ತೆ ಬಿಗಿಮಾಡಿ.

ಹೆದ್ದಾರಿ ಮುಚ್ಚಿದಾಗ ಫೋನಿನ ನಕ್ಷೆ ಕಾಡಿನ ಒಳರಸ್ತೆಗಳನ್ನು ತೋರಿಸಬಹುದು. ದಯವಿಟ್ಟು ಆ ಕಡೆ ತಿರುಗಬೇಡಿ: ಅಂಥ ಅನೇಕ ರಸ್ತೆಗಳಲ್ಲಿ ಚಳಿಗಾಲದಲ್ಲಿ ಹಿಮ ತೆಗೆಯುವವರಿಲ್ಲ, ಕಾರು ಹೂತುಹೋದರೆ ಸಹಾಯಕ್ಕೆ ಕರೆಯಲು ಸಿಗ್ನಲ್ ಕೂಡ ಸಿಗದೇ ಇರಬಹುದು. 80ರ ದಾರಿಯ ಆಬರ್ನ್ ಅಥವಾ 50ರ ದಾರಿಯ ಪ್ಲೇಸರ್‌ವಿಲ್ ಊರಿನಲ್ಲೇ ನಿಂತು, ಪೆಟ್ರೋಲ್ ತುಂಬಿಸಿಕೊಂಡು, ರಸ್ತೆ ತೆರೆಯುವವರೆಗೆ ಕಾಯಿರಿ. ಹಿಂದಿರುಗುವ ಭಾನುವಾರ ಸಂಜೆಗೆ ಬಿರುಗಾಳಿಯ ಮುನ್ಸೂಚನೆಯಿದ್ದರೆ ಬೆಳಿಗ್ಗೆಯೇ ಹೊರಟುಬಿಡಿ, ಇಲ್ಲವೇ ಸೋಮವಾರಕ್ಕೂ ರಜೆ ಕೇಳಿಟ್ಟುಕೊಳ್ಳಿ.